ಎಲ್ಲರಿಗೂ ಬೂಟು, ನನಗೊಂದು ಹವಾಯಿ ಚಪ್ಪಲಿ



ನಮ್ಮ ಗುಂಡ್ಲುಪೇಟೆಯವರಿಗೆ ಬೆಟ್ಟ ಅಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಮನೆಗೆ ನೆಂಟರು ಬಂದರೆ ಮಾರನೆಯ ದಿನದ ಕಾರ್ಯಕ್ರಮ ಅದೇ. ಊರಿಂದ ಸುಮಾರು 20 ಕಿ.ಮೀ. ದೂರ. ತಪ್ಪಲಿನಲ್ಲಿ ನಮ್ಮ ವಾಹನ ನಿಲ್ಲಿಸಿ ಬಸ್ಸು ಹತ್ತಿದರೆ ಮೇಲಿನವರೆಗೂ ಕರೆದುಕೊಂಡು ಹೋಗುತ್ತಾರೆ. ಮಂಜಿನಲ್ಲಿ ನಿಂತು ಗೋಪಾಲಸ್ವಾಮಿಗೆ ಕೈಮುಗಿದು, ಅದೇ ಬಸ್ಸಿನಲ್ಲಿ ಇಳಿದು ಬರುತ್ತೇವೆ. ಇಷ್ಟು ವರ್ಷದಲ್ಲಿ ನಾನು ಆ ಬೆಟ್ಟಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ನಡೆದು ಹತ್ತಿದ್ದು ಒಂದು ಸಲವೂ ಇಲ್ಲ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಮನೆಯಲ್ಲಿ ನಡೆಯುವ ಮಾತು ಶುರುವಾಯಿತು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ ಆಗ ತಾನೇ ಕಾಣಿಸಿಕೊಂಡಿತ್ತು. "ದಿನಾ ನಡೀರಿ, ಮನೆಯವರನ್ನೂ ಜೊತೆಗೆ ಕರ್ಕೊಳ್ಳಿ" ಅಂತ ಡಾಕ್ಟರು ಹೇಳಿದ್ದರು. ಎಂಟನೇ ತರಗತಿಯ ಮಗ ತಕ್ಷಣ, "ಹಾಗಿದ್ರೆ ಭಾನುವಾರ ಗೋಪಾಲಸ್ವಾಮಿ ಬೆಟ್ಟ ನಡೆದು ಹತ್ತೋಣಪ್ಪಾ" ಅಂದ. 

ಅದು ಆಗದ ಮಾತು ಅಂತ ಅವನಿಗೆ ತಿಳಿಸಿ ಹೇಳಬೇಕಾಯಿತು. ನಿಮ್ಮ ಮನೆ ಮಕ್ಕಳೂ ಕೇಳಬಹುದು, ಅದಕ್ಕೆ ಇಲ್ಲೂ ಬರೆಯುತ್ತೇನೆ. ಆ ಬೆಟ್ಟ ಇರುವುದು ಬಂಡೀಪುರ ಕಾಡಿನಲ್ಲಿ. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಆನೆ, ಹುಲಿ, ಕಾಟಿ ಓಡಾಡುವ ಜಾಗ. ನಮ್ಮೂರಿಂದ ಆ ಕಾಡಿನೊಳಗೆ ಹೋಗುವ ಹೆದ್ದಾರಿಯಲ್ಲೇ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ. ವಾಹನಕ್ಕೇ ಇಷ್ಟು ಕಟ್ಟುಪಾಡು ಇರುವಾಗ ಮಕ್ಕಳು ಮರಿ ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ನುಗ್ಗಲು ಆದೀತೆ? ಕಾಡಂಚಿನಲ್ಲಿ ಬಾಳುವ ನಮಗೆ ಅದರ ಮರ್ಯಾದೆ ಗೊತ್ತಿರಬೇಕು. ಯಾರೋ ಹುಡುಗರು ಗುಟ್ಟಾಗಿ ಹೋಗಿ ಬಂದರಂತೆ ಎನ್ನುವ ಮಾತಿಗೆ ದಯವಿಟ್ಟು ಮರುಳಾಗಬೇಡಿ.

ಹಾಗಾದರೆ ನಡೆಯುವುದೆಲ್ಲಿ? ಮೊದಲು ಊರ ಸುತ್ತಲ ಹೊಲದ ದಾರಿ, ಆಮೇಲೆ ಮೆಟ್ಟಿಲಿರುವ ಬೆಟ್ಟ. ನಮಗೆ 60 ಕಿ.ಮೀ. ದೂರದಲ್ಲಿ ಮೈಸೂರಿನ ಚಾಮುಂಡಿ ಬೆಟ್ಟವಿದೆ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, ಅಂದರೆ 1659ರಿಂದ 1673ರ ನಡುವೆ, ಕಟ್ಟಿಸಿದ ಸಾವಿರ ಮೆಟ್ಟಿಲ ದಾರಿ. ಸುಮಾರು 700 ಮೆಟ್ಟಿಲು ಹತ್ತಿದರೆ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿ. ಅಲ್ಲಿ ವಾಹನದ ರಸ್ತೆಯೂ ಬಂದು ಸೇರುತ್ತದೆ. ಮಿಕ್ಕ 300 ಮೆಟ್ಟಿಲು ಹತ್ತಿದರೆ ಅಮ್ಮನವರ ಸನ್ನಿಧಿ. ಊರಿನ ಮಟ್ಟದಿಂದ ಹೆಚ್ಚುಕಡಿಮೆ 300 ಮೀಟರ್ ಏರು. ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುವುದನ್ನು ನೀವೂ ನೋಡಿರುತ್ತೀರಿ. ಅಲ್ಲಿಗೇ ಹೋಗೋಣ ಅಂತ ತೀರ್ಮಾನವಾಯಿತು.

ಸರಿ, ತಯಾರಿ ನನ್ನ ಪಾಲಿಗೆ ಬಂತು. ಹಿಂದಿನ ಶನಿವಾರ ಪೇಟೆಗೆ ಹೋಗಿ ಯಜಮಾನರಿಗೆ, ಮಗಳಿಗೆ, ಮಗನಿಗೆ ಒಳ್ಳೆಯ ಕ್ಯಾನ್ವಾಸ್ ಬೂಟು ಕೊಡಿಸಿದೆ. ಅಂಗಡಿಯವರು, "ನಿಮಗಮ್ಮಾ?" ಅಂದರು. "ಅಯ್ಯೋ, ನನಗೆ ಯಾಕೆ? ವರ್ಷಕ್ಕೊಂದು ದಿನ ಹಾಕೋದಕ್ಕೆ ದುಡ್ಡು ಸುರೀಬೇಕೆ? ಇದೇ ಸಾಕು" ಅಂತ ಕಾಲಲ್ಲಿದ್ದ ಹವಾಯಿ ಚಪ್ಪಲಿ ತೋರಿಸಿದೆ. ಉಳಿಸಿದ ಹಣದಲ್ಲಿ ಒಂದು ತಿಂಡಿ ಡಬ್ಬಿ ಕೊಂಡೆ!

ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ಹೊರಟೆವು. ಅತ್ತೆಯವರಿಗೆ 74 ವರ್ಷ, ಅವರು ಮನೆಯಲ್ಲೇ ಉಳಿದರು. ಹತ್ತುವಾಗ ಏನೂ ತೊಂದರೆಯಾಗಲಿಲ್ಲ. ಮಗ ಮೆಟ್ಟಿಲು ಎಣಿಸಿಕೊಂಡು ಮುಂದೆ, ಯಜಮಾನರು ಬೆವರು ಒರೆಸಿಕೊಂಡು ಹಿಂದೆ. ದರ್ಶನ ಮಾಡಿ, ಬುತ್ತಿ ಬಿಚ್ಚಿ ತಿಂದು, ಇಳಿಯಲು ಶುರು ಮಾಡಿದೆವು. ನಂದಿಯ ಹತ್ತಿರ ಬರುವಷ್ಟರಲ್ಲಿ ಬಲಗಾಲ ಚಪ್ಪಲಿಯ ಉಂಗುಷ್ಟ ಸಡಿಲವಾಗಿದ್ದು ನನ್ನ ಗಮನಕ್ಕೆ ಬಂತು. ಮೊಣಕಾಲೂ ನಡುಗುತ್ತಿತ್ತು. ಅಲ್ಲೇ ರಸ್ತೆ ಇತ್ತು, ಆಟೋ ಹಿಡಿಯಬಹುದಿತ್ತು. ಆದರೆ ಮಕ್ಕಳು ನಗುನಗುತ್ತಾ ಇಳಿಯುತ್ತಿದ್ದರು, ಯಜಮಾನರೂ ಎಷ್ಟೋ ದಿನದ ಮೇಲೆ ಗೆಲುವಾಗಿದ್ದರು. ನನ್ನಿಂದ ಯಾಕೆ ಕೆಡಬೇಕು ಅಂತ ಸುಮ್ಮನಾದೆ.

ಇನ್ನೊಂದು 300 ಮೆಟ್ಟಿಲು ಇಳಿದಿದ್ದೆವೇನೋ. ಉಂಗುಷ್ಟ ಪಟಕ್ಕನೆ ಕಿತ್ತು ಬಂತು, ಪಾದ ಒಳಕ್ಕೆ ಹೊರಳಿತು, ನಾನು ಮೂರು ಮೆಟ್ಟಿಲು ಜಾರಿ ಕುಳಿತೆ. ತಲೆಗೆ ಪೆಟ್ಟಾಗಲಿಲ್ಲ, ಅಮ್ಮನ ದಯೆ. ಪಾದದ ಕೀಲು ನೋಡನೋಡುತ್ತಿದ್ದಂತೆ ಬದನೆಕಾಯಿಯ ಹಾಗೆ ಊದಿಕೊಂಡಿತು. ರಸ್ತೆಗೆ ಹೋಗೋಣವೆಂದರೆ 300 ಮೆಟ್ಟಿಲು ವಾಪಸು ಹತ್ತಬೇಕು, ಕೆಳಗೆ ಪಾದಕ್ಕೆ 400 ಮೆಟ್ಟಿಲು ಇಳಿಯಬೇಕು. ಒಂದೊಂದು ಮೆಟ್ಟಿಲಿನ ಮೇಲೂ ಕೂತು, ಕೈಯೂರಿ, ಮಕ್ಕಳ ಮೈಭಾರ ತೆಗೆದುಕೊಂಡು ಇಳಿದೆ. ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಬಿಸಿಲು ಏರಿತ್ತು, ತಂದಿದ್ದ ನೀರು ಮುಗಿದಿತ್ತು. ಎಕ್ಸ್‌ರೇ ತೆಗೆಸಿದಾಗ ಮೂಳೆ ಮುರಿದಿರಲಿಲ್ಲ, ಜೋರು ಉಳುಕು. ಮೂರು ವಾರ ಕಾಲು ಊರಬಾರದು ಅಂದರು.

ಸೋದರಿಯರೇ, ಕಾಲಿನ ನೋವಿಗಿಂತ ಹೆಚ್ಚು ನಾಟಿದ್ದು ಆ ರಾತ್ರಿ ಮಗಳು ಕೇಳಿದ ಮಾತು. "ನಮಗೆಲ್ಲಾ ಬೂಟು ತಂದ್ಯಲ್ಲಮ್ಮಾ, ನಿನಗೆ ಯಾಕೆ ತರಲಿಲ್ಲ?" ಅಂದಳು. ದುಡ್ಡಿರಲಿಲ್ಲ ಅನ್ನೋಣವೆಂದರೆ ಇತ್ತು. ಯಜಮಾನರು ಬೇಡವೆಂದರು ಅನ್ನೋಣವೆಂದರೆ ಅವರನ್ನು ಕೇಳಿಯೇ ಇರಲಿಲ್ಲ. ಸೀರೆ ಹರಿದರೂ ಹೊಲಿದು ಉಟ್ಟು, ಕೊನೆಯ ದೋಸೆ ಸೀದರೂ ತಾನೇ ತಿಂದು ಬೆಳೆದ ಅಭ್ಯಾಸ. ಅದನ್ನು ತ್ಯಾಗ ಅಂದುಕೊಂಡಿದ್ದೆ. ಆದರೆ ಆ ತ್ಯಾಗದಿಂದ ಯಾರಿಗೆ ಏನು ಸಿಕ್ಕಿತು ಹೇಳಿ? ಮೂರು ವಾರ ಮಗಳು ಕಾಲೇಜಿಗೆ ಹೋಗುವ ಮುಂಚೆ ಅಡುಗೆ ಮಾಡಬೇಕಾಯಿತು, ಯಜಮಾನರು ರಜೆ ಹಾಕಿದರು, ಆ ವಯಸ್ಸಿನಲ್ಲಿ ಅತ್ತೆ ಪಾತ್ರೆ ತೊಳೆದರು.

ಅತ್ತೆಯವರು ಹೆಚ್ಚು ಮಾತಾಡುವವರಲ್ಲ. ನಾಲ್ಕನೇ ದಿನ ತಮ್ಮ ಟ್ರಂಕಿನಿಂದ ಗಂಟು ತೆಗೆದು ಮಗನ ಕೈಗೆ ನೋಟು ಕೊಟ್ಟು, "ಇವಳ ಕಾಲು ವಾಸಿಯಾದ ಮೇಲೆ ಮೊದಲು ಇವಳಿಗೆ ಬೂಡ್ಸು ತಕ್ಕೊಡಪ್ಪ. ಮನೆ ಎತ್ತಿಗೆ ಲಾಳ ಕಟ್ಟಿಸದೆ ಗಾಡಿ ಹೂಡ್ತಾರೇನೋ?" ಅಂದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಗುವೋ ಅಳುವೋ ನನಗೇ ತಿಳಿಯಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮತ್ತೆ ಹೋಗಿಬಂದೆವು. ಈ ಸಲ ಅತ್ತೆಯವರನ್ನೂ ಬಿಡಲಿಲ್ಲ. ನಾವು ಮೆಟ್ಟಿಲು ಹತ್ತಿದೆವು, ಅವರು ಮಗಳ ಜೊತೆ ಸಿಟಿ ಬಸ್ಸಿನಲ್ಲಿ ನೇರ ಮೇಲಕ್ಕೆ ಬಂದು ದೇವಸ್ಥಾನದ ಮುಂದೆ ಕಾದಿದ್ದರು. ಮನೆಯ ಹಿರಿಯರನ್ನು ಬಿಟ್ಟು ಹೋಗುವ ಸಂಕಟ ತಪ್ಪಿಸಲು ಇದು ಒಳ್ಳೆಯ ಉಪಾಯ. ನಾನು ಚೂಡಿದಾರಕ್ಕೆ ಬೂಟು ಹಾಕಿ ಹೊರಟಾಗ ಪಕ್ಕದ ಮನೆಯಾಕೆ, "ಏನ್ರೀ, ಪೊಲೀಸ್ ಕೆಲಸಕ್ಕೆ ಸೇರಿದ್ರಾ?" ಅಂತ ನಕ್ಕರು. ನಗಲಿ ಬಿಡಿ. ಹೋದ ವಾರ ಅವರೇ ಬಂದು ಯಾವ ಅಂಗಡಿ ಅಂತ ಕೇಳಿಕೊಂಡು ಹೋದರು.

ಎರಡು ಸಲದ ಅನುಭವದಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕತ್ತರಿಸಿ ಇಟ್ಟುಕೊಳ್ಳಿ.

ಬೂಟು ಕೊಳ್ಳುವಾಗ: ಸಂಜೆ ಹೊತ್ತು ಕೊಳ್ಳಿ. ದಿನವಿಡೀ ನಿಂತ ಕಾಲು ಸ್ವಲ್ಪ ಊದಿರುತ್ತದೆ, ನಡೆಯುವಾಗಲೂ ಹಾಗೇ ಊದುತ್ತದೆ. ಕಾಲುಚೀಲ ಹಾಕಿಯೇ ಅಳತೆ ನೋಡಿ. ಬೆರಳ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗವಿರಲಿ, ಇಲ್ಲದಿದ್ದರೆ ಇಳಿಯುವಾಗ ಉಗುರು ತಾಗಿ ಕಪ್ಪಾಗುತ್ತದೆ. ಅಡಿಭಾಗದಲ್ಲಿ ಗೀರು ಗೀರಾದ ಹಿಡಿತವಿರಬೇಕು. ಬೆಲೆ ಹೆಚ್ಚಿನದೇ ಆಗಬೇಕೆಂದಿಲ್ಲ. ಹೊಸ ಬೂಟನ್ನು ಮನೆಯೊಳಗೆ ಒಂದು ವಾರ ಹಾಕಿ ಓಡಾಡಿ, ಆಮೇಲೆ ಬೆಟ್ಟಕ್ಕೆ ಹಾಕಿ. ಅಡುಗೆಮನೆಯಲ್ಲಿ ಬೂಟೇ ಅಂತ ಹುಬ್ಬೇರಿಸಬೇಡಿ, ನಡುಮನೆಯಲ್ಲಿ ಹಾಕಿ!

ಅಭ್ಯಾಸ: ಎರಡು ವಾರ ಮೊದಲಿನಿಂದ ದಿನಾ ಅರ್ಧ ಗಂಟೆ ನಡೆಯಿರಿ. ಮಾಳಿಗೆ ಮೆಟ್ಟಿಲು ಇದ್ದರೆ ನಾಲ್ಕೈದು ಸಲ ಹತ್ತಿ ಇಳಿಯಿರಿ. ಮಂಡಿ ನೋವು, ಎದೆ ನೋವು, ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳಿಯೇ ಹೊರಡಿ.

ಚೀಲ: ಕೈಚೀಲ, ವೈರ್ ಬುಟ್ಟಿ ಬೇಡವೇ ಬೇಡ. ಮಕ್ಕಳ ಹಳೆಯ ಸ್ಕೂಲ್ ಬ್ಯಾಗಿನಂತೆ ಎರಡು ಹೆಗಲಿಗೂ ಹಾಕುವ ಚೀಲ ಸಾಕು. ಎರಡು ಕೈಯೂ ಬಿಡುವಾಗಿರಬೇಕು. ಅಲ್ಲದೆ ಕೈಯಲ್ಲಿ ತಿಂಡಿ ಕಂಡರೆ ಕೋತಿ ಬಿಡುವುದಿಲ್ಲ. ಕೋತಿಗೆ ತಿನ್ನಲು ಕೊಡಲೂ ಬೇಡಿ, ಕೊಟ್ಟಷ್ಟೂ ಮುಂದೆ ಬರುವವರ ಮೇಲೆ ಎರಗುತ್ತವೆ. ಚೀಲವನ್ನು ಎಲ್ಲರೂ ಸರದಿಯಂತೆ ಹೊರಲಿ.

ಊರುಗೋಲು: ಒಂದು ಒಳ್ಳೆಯ ಬಿದಿರುಕೋಲು ಸಾಕು, ನಿಂತಾಗ ಮೊಣಕೈ ಎತ್ತರಕ್ಕೆ ಬರುವಂತಿರಲಿ. ಇಳಿಯುವಾಗ ಮೊದಲು ಕೋಲನ್ನು ಕೆಳ ಮೆಟ್ಟಿಲಿಗೆ ಊರಿ, ಆಮೇಲೆ ಕಾಲಿಡಿ. ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗಲೇ. ದೊಡ್ಡ ಮೆಟ್ಟಿಲಿದ್ದರೆ ಪಕ್ಕಕ್ಕೆ ತಿರುಗಿ ಇಳಿಯಿರಿ.

ನೀರು: ಅರ್ಧ ದಿನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಲೀಟರ್ ಆದರೂ ಇರಲಿ. ಸುಸ್ತಾದರೆ, ಭೇದಿಯಾದರೆ ಬೇಕಾಗುತ್ತದೆಂದು ಓಆರ್‌ಎಸ್ ಪೊಟ್ಟಣ ಎರಡು ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗದಂತೆ ನೋಡಿಕೊಳ್ಳಿ.

ಸಕ್ಕರೆ ಕಾಯಿಲೆಯವರಿಗೆ: ಮಾತ್ರೆ ನುಂಗಿ ಹಸಿದು ಹತ್ತಿಸಬೇಡಿ. ನಡಿಗೆಯ ದಿನ ಮಾತ್ರೆ ಹೇಗೆ ಅಂತ ಡಾಕ್ಟರನ್ನೇ ಕೇಳಿ. ಮೈ ನಡುಗಿ, ತಣ್ಣನೆ ಬೆವರಿ, ತಲೆ ತಿರುಗಿದರೆ ಕೂರಿಸಿ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕೊಟ್ಟು ಆಸ್ಪತ್ರೆಗೆ ನಡೆಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಸಕ್ಕರೆ ಪೊಟ್ಟಣ ಅವರ ಜೇಬಿನಲ್ಲೇ ಇರಲಿ.

ಕಾಲು ಉಳುಕಿದರೆ: ಎಣ್ಣೆ ಹಚ್ಚಿ ನೀವುವುದು, ಎಳೆದು ಲಟಕ್ಕೆನ್ನಿಸುವುದು, ಬಿಸಿ ಶಾಖ ಕೊಡುವುದು ಆ ಹೊತ್ತಿಗೆ ಕೂಡದು. ತಣ್ಣೀರಿನ ಬಟ್ಟೆ ಇಡಿ. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ. ಬೆರಳ ಬುಡದಿಂದ ಮೇಲಕ್ಕೆ ಕ್ರೇಪ್ ಬ್ಯಾಂಡೇಜ್ ಸುತ್ತಿ, ಬೆರಳು ನೀಲಿಯಾದರೆ, ಜೋಮು ಹಿಡಿದರೆ ಸಡಿಲಿಸಿ. ಕಾಲು ಎತ್ತರದಲ್ಲಿರಲಿ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಆ ಬ್ಯಾಂಡೇಜ್ ಸುರುಳಿ, ಎರಡು ಸೇಫ್ಟಿ ಪಿನ್, ಟಾರ್ಚು, ಚಾರ್ಜ್ ಮಾಡಿದ ಫೋನು ಮರೆಯಬೇಡಿ.

ಯಾವಾಗ ಹೋಗಬೇಕು: ದೀಪಾವಳಿಯಿಂದ ಶಿವರಾತ್ರಿಯವರೆಗಿನ ದಿನಗಳು ಹಿತ. ಮಳೆಯಲ್ಲಿ ಕಲ್ಲು ಜಾರುತ್ತದೆ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗವಿರದು, ಚಿಕ್ಕ ಮಕ್ಕಳೊಂದಿಗೆ ಆಗ ಬೇಡ. ಬಿಸಿಲೇರುವ ಮುಂಚೆ ಹತ್ತಿಬಿಡಿ.

ಇನ್ನು ಕಾಡಿನ ದಾರಿಯಲ್ಲೇ ನಡೆಯುವ ಆಸೆ ಇರುವವರು ಅರಣ್ಯ ಇಲಾಖೆ ಅನುಮತಿ ಕೊಡುವ ದಾರಿಗಳಿಗೆ ಮಾತ್ರ ಹೋಗಬೇಕು. ಇದಕ್ಕೆಂದೇ 2024ರಲ್ಲಿ ಇಲಾಖೆ 'ಅರಣ್ಯ ವಿಹಾರ' ಎಂಬ ಆನ್‌ಲೈನ್ ವ್ಯವಸ್ಥೆ ಮಾಡಿದೆ. ಮಕ್ಕಳಿಗೆ ಹೇಳಿದರೆ ಫೋನಿನಲ್ಲಿ ನೋಡಿಕೊಡುತ್ತಾರೆ. ಪ್ರಾಣಿಗಳ ಓಡಾಟ, ಬೆಂಕಿಯ ಭಯ ಇದ್ದಾಗ ದಾರಿ ಮುಚ್ಚುವುದುಂಟು, ಹೊರಡುವ ಮುನ್ನ ವಿಚಾರಿಸಿ.

ಬುತ್ತಿಗೆ ಪುಳಿಯೋಗರೆ ಒಳ್ಳೆಯದು, ಹುಳಿ ಎಣ್ಣೆಯಿಂದಾಗಿ ಬೇಗ ಕೆಡುವುದಿಲ್ಲ. ಹಸಿ ಕಾಯಿತುರಿ ಹಾಕಬೇಡಿ. ಮೊಸರನ್ನವಾದರೆ ಮೆತ್ತಗೆ ಮಾಡಿದ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು ಹೆಚ್ಚಾಗಿ, ಮೊಸರು ಒಂದೇ ಚಮಚ ಹಾಕಿ ಕಲಸಿ. ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿಯಾಗುವುದಿಲ್ಲ.

ದಾರಿಯಲ್ಲಿ ಬಾಯಾಡಿಸಲು ಒಂದು ಸುಲಭದ ಉಂಡೆ ಹೇಳುತ್ತೇನೆ.

ಕಡಲೆಕಾಯಿ ಬೆಲ್ಲದ ಉಂಡೆ
ಬೇಕಾಗುವ ಪದಾರ್ಥ: ಕಡಲೆಕಾಯಿ ಬೀಜ 2 ಲೋಟ, ಪುಡಿ ಬೆಲ್ಲ 1 ಲೋಟ, ಬಿಳಿ ಎಳ್ಳು 2 ಚಮಚ, ಏಲಕ್ಕಿ 2.
ಮಾಡುವ ವಿಧಾನ: ಕಡಲೆಕಾಯಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ಉಜ್ಜಿ ತೆಗೆಯಿರಿ. ಎಳ್ಳನ್ನು ಬೇರೆಯಾಗಿ ಚಟಪಟ ಅನ್ನುವವರೆಗೆ ಹುರಿಯಿರಿ. ಬೀಜ, ಬೆಲ್ಲ, ಏಲಕ್ಕಿ ಸೇರಿಸಿ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ತರಿಯಾಗಿ ಪುಡಿ ಮಾಡಿ. ಬೀಜದ ಎಣ್ಣೆ ಬಿಟ್ಟುಕೊಂಡು ಪುಡಿ ಕೈಗೆ ಅಂಟುವಂತಾದಾಗ ಎಳ್ಳು ಬೆರೆಸಿ ಒತ್ತಿ ಉಂಡೆ ಕಟ್ಟಿ. ಪಾಕದ ರಗಳೆ ಇಲ್ಲ, ತುಪ್ಪವೂ ಬೇಡ. ಸಕ್ಕರೆ ಕಾಯಿಲೆಯವರಿಗೆ ಮಾತ್ರ ಇದು ದಿನದ ತಿಂಡಿಯಲ್ಲ. ಅವರಿಗೆ ಹುರಿದ ಕಡಲೆಕಾಯಿ ಬೀಜ ಬೇರೆ ಕಟ್ಟಿ ಕೊಡಿ. ತಿಂದ ಕಾಗದ, ಕವರು ಎಲ್ಲಾ ಚೀಲದಲ್ಲೇ ಮನೆಗೆ ವಾಪಸು ಬರಲಿ.

ಕೊನೆಯದಾಗಿ ನಮ್ಮ ಮನೆಯಲ್ಲಿ ಈಗ ಮಾಡಿಕೊಂಡಿರುವ ಎರಡು ಕಟ್ಟಳೆ. ಒಂದು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರೇ ಮುಂದೆ ನಡೆಯಬೇಕು, ಮಿಕ್ಕವರು ಅವರ ಹಿಂದೆ. ಎರಡು, ನಂದಿಯ ಹತ್ತಿರ ಎಲ್ಲರೂ ನಿಂತು ಒಬ್ಬೊಬ್ಬರೂ ತಮ್ಮ ಕಾಲು ಹೇಗಿದೆ ಅಂತ ನಿಜ ಹೇಳಬೇಕು. ಯಾರಿಗೇ ಕಷ್ಟವಾದರೂ ಅಲ್ಲಿಂದ ಎಲ್ಲರೂ ರಸ್ತೆಯ ದಾರಿ. ಎರಡನೇ ಸಲ ಇಳಿಯುವಾಗ ಮಗ ನನ್ನನ್ನೇ ಮೊದಲು ಕೇಳಿದ, "ಅಮ್ಮಾ, ನಿನ್ನ ಕಾಲು?" ಅಂತ. "ಸ್ವಲ್ಪ ನೋಯ್ತಿದೆ ಕಣೋ" ಅಂದುಬಿಟ್ಟೆ. ಯಾರೂ ಮುಖ ಸಣ್ಣದು ಮಾಡಲಿಲ್ಲ. ಯಜಮಾನರು ಆಟೋ ಕೂಗಿದರು, ಅಷ್ಟೇ! ಇಷ್ಟು ಸುಲಭದ ಮಾತನ್ನು ಹೇಳಲು ನನಗೆ ನಲವತ್ತು ದಾಟಬೇಕಾಯಿತು ನೋಡಿ.

ಮುಂದಿನ ಸಲ ಅಂಗಡಿಯವರು "ನಿಮಗಮ್ಮಾ?" ಅಂದಾಗ ನೀವು ಕಾಲು ಮುಂದೆ ಚಾಚಿ ಸೋದರಿಯರೇ. ಅಳತೆ ತೆಗೆದುಕೊಳ್ಳಲಿ.